ಮೈಕೋ ಅಂದ್ರೆ ಸ್ಪಾರ್ಕ್ ಪ್ಲಗ್ ಅಷ್ಟೇನಾ? ಅಪ್ಪನ ಡಬ್ಬಿಯಲ್ಲಿ ಸಿಕ್ಕಿದ ಒಂದು ಜೋಡಿ

ಆಡುಗೋಡಿ ಮನೆ

ಎಲ್ಲರಿಗೂ ನಮಸ್ಕಾರ. ಇಲ್ಲಿ ಗ್ಯಾರೇಜ್ ನಡೆಸೋರು, ಕಾರ್ಖಾನೆಯಲ್ಲಿ ದುಡಿದವರು ಜಾಸ್ತಿ ಇದ್ದೀರಿ ಅಂತ ಗೊತ್ತಿದ್ದೇ ಕೇಳುತ್ತಿದ್ದೇನೆ.

ನಮ್ಮ ಅಪ್ಪ 1974ರಿಂದ 2006ರವರೆಗೆ ಬೆಂಗಳೂರಿನ ಆಡುಗೋಡಿಯ ಮೈಕೋದಲ್ಲಿ ಕೆಲಸ ಮಾಡಿದರು. ಹೋದ ವರ್ಷ ತೀರಿಕೊಂಡರು. ಮೊನ್ನೆ ಅವರ ಟ್ರಂಕ್ ತೆಗೆದಾಗ ಒಂದು ಹಳೇ ತಗಡಿನ ಡಬ್ಬಿ ಸಿಕ್ಕಿತು. ಒಳಗೆ ಎಣ್ಣೆ ಕಾಗದದಲ್ಲಿ ಸುತ್ತಿಟ್ಟ ಎರಡು ಉಕ್ಕಿನ ತುಂಡು. ಒಂದು ಬೆರಳುದ್ದದ ಸಲಾಕೆ, ಇನ್ನೊಂದು ಅದು ಕೂರುವ ಕೊಳವೆ. ಸಲಾಕೆಯ ತುದಿಯಲ್ಲಿ ಓರೆಯಾಗಿ ಒಂದು ಗೀರು ಕೊರೆದಿದೆ. ಎರಡರ ಮೇಲೂ ಸಣ್ಣದಾಗಿ 41 ಅಂತ ಗೀಚಿದೆ. ನಿವೃತ್ತಿಯ ದಿನ ಸೆಕ್ಷನ್‌ನವರು ನೆನಪಿಗೆ ಅಂತ ಕೊಟ್ಟಿದ್ದರು ಅಂತ ಅಮ್ಮ ಹೇಳುತ್ತಾರೆ.

ಯಾರಾದರೂ "ಮೈಕೋದಲ್ಲಿ ಏನ್ ಮಾಡ್ತೀರಾ, ಪ್ಲಗ್ಗಾ?" ಅಂತ ಕೇಳಿದರೆ ಅಪ್ಪ "ನಾನು ಜೋಡಿ ಮಾಡೋನು" ಅನ್ನುತ್ತಿದ್ದರು. ಚಿಕ್ಕವಳಿದ್ದಾಗ ಅರ್ಥ ಆಗಿರಲಿಲ್ಲ. ಅವರು ಇದ್ದಾಗ ಕೇಳಲೂ ಇಲ್ಲ. ಈಗ ನನ್ನ ಮಗನಿಗಾಗಿ ಅಜ್ಜನ ಕಂಪನಿಯ ಕಥೆ ಬರೆದಿಡೋಣ ಅಂತಿದ್ದೇನೆ. ನನಗೆ ಗೊತ್ತಿರೋದು ಇಷ್ಟೇ: 1951ರಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಅನ್ನೋ ಹೆಸರಲ್ಲಿ ಶುರುವಾಯಿತು, ಆ ಹೆಸರಿನ ಮೊದಲಕ್ಷರಗಳಿಂದಲೇ ಮೈಕೋ ಆಯಿತು, ಹಿಂದೆ ಜರ್ಮನಿಯ ಬಾಷ್ ಇತ್ತು, 2008ರಲ್ಲಿ ಹೆಸರೇ ಬಾಷ್ ಲಿಮಿಟೆಡ್ ಆಯಿತು. ಈ ತುಂಡು ಏನು, ಇದಕ್ಕೂ ಆ ಕಥೆಗೂ ಏನು ಸಂಬಂಧ ಅಂತ ಗೊತ್ತಿರೋರು ಹೇಳ್ತೀರಾ?

ಪಂಪ್ ರೂಮ್, ದಾವಣಗೆರೆ

ಅಕ್ಕ, ಮೊದಲು ಒಂದು ಮಾತು. ಆ ಸಲಾಕೆಯನ್ನು ಬರಿಗೈಯಲ್ಲಿ ಹಿಡಿದು ಆಡಿಸಬೇಡಿ. ಬೆವರು ತಾಗಿದರೆ ತುಕ್ಕು ಹಿಡಿಯುತ್ತದೆ. ತುಕ್ಕಿನ ಒಂದು ಚುಕ್ಕೆ ಬಿದ್ದರೂ ಅದು ಹೋದ ಹಾಗೆ.

ನಿಮ್ಮ ಹತ್ತಿರ ಇರೋದು ಎಂಜಿನ್‌ಗೆ ಇಂಧನ ತಳ್ಳುವ ಡೀಸೆಲ್ ಪಂಪ್‌ನ ಎಲಿಮೆಂಟ್. ಸಲಾಕೆಗೆ ಪ್ಲಂಜರ್ ಅಂತೀವಿ, ಕೊಳವೆಗೆ ಬ್ಯಾರೆಲ್. ಆರು ಸಿಲಿಂಡರ್ ಲಾರಿಯ ಪಂಪ್ ಬಿಚ್ಚಿದರೆ ಇಂಥ ಆರು ಎಲಿಮೆಂಟ್ ಸಾಲಾಗಿ ನಿಂತಿರುತ್ತವೆ. ಒಂದೊಂದು ಸಿಲಿಂಡರ್‌ಗೆ ಒಂದೊಂದು.

ಅದರ ಕೆಲಸ ಹೇಳ್ತೀನಿ ಕೇಳಿ. ಕೆಳಗಿನಿಂದ ಕ್ಯಾಮ್, ಅಂದರೆ ತಿರುಗುವ ಉಬ್ಬು, ತಳ್ಳಿದಾಗ ಪ್ಲಂಜರ್ ಮೇಲೇರುತ್ತದೆ. ಏರುತ್ತಾ ಬ್ಯಾರೆಲ್‌ನ ಪಕ್ಕದ ತೂತು ಮುಚ್ಚುತ್ತದೆ. ಆಗ ಮೇಲಿರುವ ಡೀಸೆಲ್‌ಗೆ ಹೋಗಲು ಬೇರೆ ದಾರಿ ಇಲ್ಲ, ಪೈಪ್ ಹಿಡಿದು, ಸಿಲಿಂಡರ್ ಒಳಗೆ ಡೀಸೆಲ್ ಚಿಮ್ಮಿಸುವ ನಾಝಲ್‌ಗೆ ಹೋಗುತ್ತದೆ. ಹಳೇ ಲಾರಿಗಳ ನಾಝಲ್ ಬಾಯಿ ಬಿಡೋದಕ್ಕೇ ಸುಮಾರು 200 ಬಾರ್ ಒತ್ತಡ ಬೇಕು. ನಾವು ಲಾರಿ ಟೈರಿಗೆ ತುಂಬೋ ಗಾಳಿ ಎಂಟು ಬಾರ್ ಆಸುಪಾಸು, ಹೋಲಿಸಿ ನೋಡಿ.

ಈಗ ಆ ಓರೆ ಗೀರಿನ ವಿಷಯ. ಪಂಪ್‌ನ ಜೀವ ಇರೋದೇ ಅಲ್ಲಿ. ಡ್ರೈವರ್ ಆಕ್ಸಿಲರೇಟರ್ ತುಳಿದರೆ ಪ್ಲಂಜರ್ ಜಾಸ್ತಿ ಮೇಲೆ ಹೋಗುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಇಲ್ಲ. ಪ್ರತಿ ಸಲ ಅದು ಏರೋದು ಅಷ್ಟೇ ಎತ್ತರ. ಆದರೆ ರ‍್ಯಾಕ್ ಅನ್ನೋ ಹಲ್ಲಿನ ಪಟ್ಟಿ, ಆಕ್ಸಿಲರೇಟರ್ ತುಳಿದಾಗ, ಅದನ್ನು ಇದ್ದಲ್ಲೇ ಒಂಚೂರು ತಿರುಗಿಸುತ್ತದೆ. ಗೀರು ಓರೆಯಾಗಿರೋದರಿಂದ, ತಿರುಗಿದಂತೆ ಅದು ತೂತಿನ ಎದುರು ಬರುವ ಹೊತ್ತು ಹಿಂದೆ ಮುಂದೆ ಆಗುತ್ತದೆ. ಎದುರು ಬಂದ ಕ್ಷಣ ಒತ್ತಡ ಬಿಟ್ಟುಹೋಗುತ್ತದೆ, ಸಿಲಿಂಡರ್‌ಗೆ ಡೀಸೆಲ್ ಬಂದ್. ಬೇಗ ಬಂದರೆ ಕಡಿಮೆ ಡೀಸೆಲ್, ತಡವಾಗಿ ಬಂದರೆ ಜಾಸ್ತಿ ಡೀಸೆಲ್. ಒಂದು ಸಲಕ್ಕೆ ಹೋಗೋದು ಒಂದೆರಡು ಹನಿಯಷ್ಟು. ಎಂಜಿನ್ 2000 ಸುತ್ತಿನಲ್ಲಿದ್ದರೆ ಈ ಲೆಕ್ಕಾಚಾರ ಒಂದು ಸೆಕೆಂಡಿಗೆ ಹದಿನಾರು ಹದಿನೇಳು ಸಲ ನಡೆಯಬೇಕು.

ಇಷ್ಟು ಒತ್ತಡ ಹಿಡಿಯೋಕೆ ಅಲ್ಲಿ ರಬ್ಬರ್ ಇಲ್ಲ, ರಿಂಗ್ ಇಲ್ಲ, ವಾಷರ್ ಇಲ್ಲ. ಉಕ್ಕಿಗೆ ಉಕ್ಕು, ಅಷ್ಟೇ. ನಡುವಿನ ಸಂದು 2ರಿಂದ 3 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಎರಡು ಮೂರು ಪಾಲು. ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ. ಅದಕ್ಕೇ ಒಂದು ಪ್ಲಂಜರ್ ಒಂದೇ ಬ್ಯಾರೆಲ್‌ಗೆ ಸೇರಿದ್ದು, ಇನ್ನೊಂದಕ್ಕೆ ಹಾಕೋ ಹಾಗಿಲ್ಲ. ನಿಮ್ಮ ತಂದೆ "ಜೋಡಿ ಮಾಡೋನು" ಅಂದಿದ್ದು ಇದಕ್ಕೇ.

ಬುಲೆಟ್ ಸವಾರ

ಪ್ಲಗ್‌ನ ಕಡೆಯಿಂದಲೂ ಎರಡು ಮಾತು ಇರಲಿ. ನಮ್ಮಲ್ಲಿ ಸ್ಕೂಟರ್, ಬೈಕ್ ಇದ್ದ ಪ್ರತಿ ಮನೆಗೂ ಮೈಕೋ ಗೊತ್ತಿದ್ದದ್ದು ಆ ಪ್ಲಗ್‌ನಿಂದಲೇ. ಡಿಕ್ಕಿಯಲ್ಲಿ ಒಂದು ಸ್ಪೇರ್ ಪ್ಲಗ್, ಒಂದು ಪ್ಲಗ್ ಸ್ಪ್ಯಾನರ್, ಒಂದು ಚೂರು ಉಪ್ಪುಕಾಗದ. ಮಳೆಗಾಲದಲ್ಲಿ ಗಾಡಿ ನಿಂತರೆ ಮೊದಲು ಪ್ಲಗ್ ಬಿಚ್ಚಿ ಒರೆಸೋದು.

ಹಳೇ ಪ್ಲಗ್ ನಂಬರ್‌ಗಳಲ್ಲಿ ಒಂದು ಗೊಂದಲ ಇತ್ತು, ಹೊಸಬರಿಗೆ ಉಪಯೋಗ ಆಗಬಹುದು. ಹಿಂದೆ ಬಾಷ್ ಪ್ಲಗ್‌ಗಳಲ್ಲಿ 175, 225 ಅಂತ ದೊಡ್ಡ ಸಂಖ್ಯೆ ಇರುತ್ತಿತ್ತು. ಸಂಖ್ಯೆ ದೊಡ್ಡದಾದಷ್ಟೂ ಅದು ತಣ್ಣನೆಯ ಪ್ಲಗ್, ಅಂದರೆ ಬಿಸಿಯನ್ನು ಬೇಗ ಬಿಟ್ಟುಕೊಡುವ ಪ್ಲಗ್. ಆಮೇಲೆ ಒಂದೇ ಅಂಕಿಯ ಪದ್ಧತಿ ಬಂತು. ಅಲ್ಲಿ ಉಲ್ಟಾ, ಸಂಖ್ಯೆ ಚಿಕ್ಕದಾದಷ್ಟೂ ತಣ್ಣಗೆ. 175 ಇದ್ದದ್ದು 7 ಆಯಿತು, 225 ಇದ್ದದ್ದು 5 ಆಯಿತು. ಅದು ತಿಳಿಯದೆ ತಪ್ಪು ಪ್ಲಗ್ ಹಾಕಿ ಪಿಸ್ಟನ್ ತಲೆ ಸುಟ್ಟುಕೊಂಡವರನ್ನು ನಾನೇ ನೋಡಿದ್ದೇನೆ.

ಆದರೆ ಪಂಪ್ ರೂಮ್ ಅಣ್ಣ ಹೇಳಿದ ಮೇಲೆ ಒಪ್ಪಬೇಕು. ಹೆಸರು ತಂದದ್ದು ಪ್ಲಗ್, ಊರು ನಡೆಸಿದ್ದು ಪಂಪ್.

ಹಳೇ ಪುಟ

ಮೇಡಂ, ನಿಮ್ಮ ಮಗನಿಗೆ ಕಥೆ ಹೇಳೋದಾದರೆ 1951ಕ್ಕಿಂತ ಹಿಂದೆ ಹೋಗಬೇಕು. ಈ ಕಂಪನಿಯ ಬಗ್ಗೆ ನಾನು ತುಂಬಾ ವರ್ಷದಿಂದ ಓದಿಕೊಂಡು ಬಂದಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ರಾಬರ್ಟ್ ಬಾಷ್ ಹುಟ್ಟಿದ್ದು 1861ರಲ್ಲಿ, ಉಲ್ಮ್ ಹತ್ತಿರದ ಆಲ್ಬೆಕ್ ಅನ್ನೋ ಹಳ್ಳಿಯಲ್ಲಿ. ಹನ್ನೆರಡು ಮಕ್ಕಳಲ್ಲಿ ಹನ್ನೊಂದನೆಯವರು. 1886ರ ನವೆಂಬರ್ 15ರಂದು ಸ್ಟುಟ್‌ಗಾರ್ಟ್‌ನಲ್ಲಿ ಸಣ್ಣ ವರ್ಕ್‌ಶಾಪ್ ತೆರೆದರು. ಟೆಲಿಫೋನ್ ಹಾಕಿಕೊಡೋದು, ವಿದ್ಯುತ್ ಗಂಟೆ ಕೂರಿಸೋದು, ಬಂದ ಕೆಲಸ ಮಾಡಿಕೊಡೋದು. ಮರುವರ್ಷ ಒಬ್ಬ ಗಿರಾಕಿ ಬಂದು, ಡಾಯ್ಟ್ಸ್ ಕಂಪನಿಯ ಎಂಜಿನ್‌ನಲ್ಲಿರುವಂಥ ಮ್ಯಾಗ್ನೆಟೋ (ಆಯಸ್ಕಾಂತದಿಂದ ವಿದ್ಯುತ್ ಹುಟ್ಟಿಸಿ ಕಿಡಿ ಕೊಡುವ ಸಾಧನ) ಬೇಕು, ಅದು ಇಲ್ಲದೆ ಕಿಡಿ ಬರಲ್ಲ ಅಂದ. ಬಾಷ್ ಮೊದಲು ಮಾಡಿದ್ದು, ಅದಕ್ಕೆ ಪೇಟೆಂಟ್ ಇದೆಯಾ ಅಂತ ವಿಚಾರಿಸಿದ್ದು. ಇಲ್ಲ ಅಂತ ಗೊತ್ತಾಯಿತು. ಆಮೇಲೆ ಮಾಡಿಕೊಟ್ಟರು. ಮ್ಯಾಗ್ನೆಟೋವನ್ನು ಕಂಡುಹಿಡಿದವರೇ ಬಾಷ್ ಅಂತ ತುಂಬಾ ಕಡೆ ಬರೆದಿರುತ್ತಾರೆ. ಅದು ಸರಿಯಲ್ಲ. ಇದ್ದದ್ದನ್ನು ಅವರು ಚೆನ್ನಾಗಿ ಮಾಡಿದರು, ನನ್ನ ಲೆಕ್ಕದಲ್ಲಿ ಅದು ಕಂಡುಹಿಡಿಯೋದಕ್ಕಿಂತ ಸಣ್ಣ ಕೆಲಸ ಅಲ್ಲ.

ಅದು ಒಂದೇ ಕಡೆ ನಿಂತು ನಿಧಾನಕ್ಕೆ ಓಡುವ ಎಂಜಿನ್‌ಗೆ ಮಾಡಿದ್ದು. 1897ರಲ್ಲಿ ಒಂದು ಡಿ ಡಿಯೋನ್ ಬೂಟೋನ್ ಮೂರು ಚಕ್ರದ ಗಾಡಿ ವರ್ಕ್‌ಶಾಪ್‌ಗೆ ಬಂತು. ಅದರ ಎಂಜಿನ್ ತುಂಬಾ ಜೋರಾಗಿ ಓಡುತ್ತಿತ್ತು. ಮ್ಯಾಗ್ನೆಟೋ ಒಳಗಿನ, ತಂತಿ ಸುತ್ತಿದ ಭಾರವಾದ ಆರ್ಮೇಚರ್ ಆ ವೇಗಕ್ಕೆ ಹಿಂದೆ ಮುಂದೆ ಆಡಲು ಆಗಲ್ಲ. ಆರ್ನೋಲ್ಡ್ ಝೆರಿಂಗರ್ ಅನ್ನೋ ಅಲ್ಲಿನ ಕೆಲಸಗಾರ ಒಂದು ಉಪಾಯ ಮಾಡಿದರು. ಆರ್ಮೇಚರ್ ಇದ್ದಲ್ಲೇ ನಿಲ್ಲಲಿ, ಅದರ ಸುತ್ತ ಒಂದು ಹಗುರ ತಗಡಿನ ಕವಚ ಮಾತ್ರ ಆಡಲಿ. ಸಮಸ್ಯೆ ಮುಗಿಯಿತು. ಮೋಟಾರು ಗಾಡಿಯ ಬಿಡಿಭಾಗದ ಕಂಪನಿ ಅಂತ ಬಾಷ್ ಹುಟ್ಟಿದ್ದು ಆ ದಿನ ಅಂತ ನಾನು ಎಣಿಸುತ್ತೇನೆ. 1902ರಲ್ಲಿ ಗಾಟ್‌ಲೋಬ್ ಹೋನೋಲ್ಡ್ ಹೈ ವೋಲ್ಟೇಜ್ ಮ್ಯಾಗ್ನೆಟೋ ಜೊತೆಗೆ ಸ್ಪಾರ್ಕ್ ಪ್ಲಗ್ ಸೇರಿಸಿ ಕೊಟ್ಟರು. ಇವತ್ತಿಗೂ ಬಾಷ್ ಲಾಂಛನದಲ್ಲಿ ವೃತ್ತದೊಳಗೆ ಕಾಣೋದು ಆ ಮ್ಯಾಗ್ನೆಟೋದ ಆರ್ಮೇಚರ್. ಅದನ್ನು ಬರೆದವರೂ ಹೋನೋಲ್ಡ್, 1918ರಲ್ಲಿ.

1913ರ ಹೊತ್ತಿಗೆ ಅವರ ಮಾರಾಟದ 88 ಶೇಕಡಾ ಜರ್ಮನಿಯ ಹೊರಗೆ. ಮರುವರ್ಷ ಮಹಾಯುದ್ಧ. ಅಮೆರಿಕದಲ್ಲಿದ್ದ ಕಂಪನಿಯನ್ನು ಅಲ್ಲಿನ ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು.

ನನಗೆ ಮುಖ್ಯ ಅನ್ನಿಸೋದು ಇದರ ಮುಂದಿನದು. ಯುದ್ಧದ ನಂತರ ಬ್ಯಾಟರಿಯಿಂದ ಕಿಡಿ ಕೊಡುವ ಅಗ್ಗದ ಪದ್ಧತಿ ಬಂತು. ಮ್ಯಾಗ್ನೆಟೋ ದಿನ ಮುಗಿಯುತ್ತಿತ್ತು. ಅದರಿಂದಲೇ ಬೆಳೆದ ಕಂಪನಿ ಅದನ್ನೇ ಹಿಡಿದು ಕೂತಿದ್ದರೆ ಅಲ್ಲಿಗೇ ಕಥೆ ಮುಗಿಯುತ್ತಿತ್ತು. 1922ರ ಕೊನೆಯಲ್ಲಿ ಬಾಷ್ ಡೀಸೆಲ್ ಪಂಪ್ ಮಾಡೋಣ ಅಂತ ತೀರ್ಮಾನಿಸಿದರು. ಕಿಡಿಯೇ ಬೇಡದ ಎಂಜಿನ್‌ಗೆ! ಕಿಡಿ ಮಾರಿ ಬದುಕಿದವರು ಇಂಥ ತೀರ್ಮಾನ ತಗೊಳ್ಳೋಕೆ ಎಷ್ಟು ಗಟ್ಟಿ ಮನಸ್ಸು ಬೇಕು ಅಲ್ವಾ? 1927ರಲ್ಲಿ ಪಂಪ್ ತಯಾರಿಕೆ ಶುರುವಾಯಿತು. ನಿಮ್ಮ ಕೈಯಲ್ಲಿರುವ ಎಲಿಮೆಂಟ್ ಆ ಪಂಪ್‌ನ ವಂಶದ್ದೇ.

ಕಾಲೇಜು ಬೆಂಚ್

ಸರ್, ನಾನು ಡಿಪ್ಲೊಮಾ ಓದುತ್ತಿದ್ದೇನೆ. ಒಂದು ಡೌಟು. ರುಡಾಲ್ಫ್ ಡೀಸೆಲ್ ಎಂಜಿನ್ ಮಾಡಿದ್ದು 1890ರ ದಶಕದಲ್ಲಿ. ಲಾರಿಗೆ ಬರೋಕೆ ಮೂವತ್ತು ವರ್ಷ ಯಾಕೆ ಬೇಕಾಯಿತು?

ಹಳೇ ಪುಟ

ಒಳ್ಳೆ ಪ್ರಶ್ನೆ. ಡೀಸೆಲ್ ಅವರ ಎಂಜಿನ್‌ನಲ್ಲಿ ಇಂಧನವನ್ನು ಒಳಗೆ ತಳ್ಳುತ್ತಿದ್ದದ್ದು ಒತ್ತಿಟ್ಟ ಗಾಳಿ. ಅದಕ್ಕೆ ದೊಡ್ಡ ಕಂಪ್ರೆಸರ್ ಬೇಕು. ಹಡಗಿಗೆ, ವಿದ್ಯುತ್ ಕೇಂದ್ರಕ್ಕೆ ಸರಿ. ಲಾರಿಯಲ್ಲಿ ಅದನ್ನು ಎಲ್ಲಿ ಇಡೋದು? ಗಾಳಿಯ ಸಹಾಯ ಇಲ್ಲದೆ ಇಂಧನವನ್ನು ಮಾತ್ರ ಅಷ್ಟು ಒತ್ತಡದಲ್ಲಿ, ಅಷ್ಟು ಕರಾರುವಾಕ್ಕಾಗಿ ತಳ್ಳುವ ಚಿಕ್ಕ ಪಂಪ್ ಬೇಕಿತ್ತು. ಬೇರೆಯವರೂ ಪ್ರಯತ್ನ ಪಡುತ್ತಿದ್ದರು. ಸಾವಿರಗಟ್ಟಲೆ ಒಂದೇ ಥರ ಮಾಡಿ ಕೊಡೋದು ಬಾಷ್‌ಗೆ ಸಾಧ್ಯವಾಯಿತು. ಡೀಸೆಲ್ ಅದನ್ನು ನೋಡಲಿಲ್ಲ, 1913ರಲ್ಲೇ ತೀರಿಹೋಗಿದ್ದರು.

ಕಾಲೇಜು ಬೆಂಚ್

ಥ್ಯಾಂಕ್ಸ್ ಸರ್. 2-3 ಮೈಕ್ರಾನ್ ಅಂದಿದ್ದಕ್ಕೆ ಸುಮ್ನೆ ಒಂದು ಲೆಕ್ಕ ಹಾಕಿ ನೋಡಿದೆ. ಉಕ್ಕು ಒಂದು ಡಿಗ್ರಿ ಬಿಸಿಯಾದರೆ ಒಂದು ಮೀಟರ್ ಉದ್ದಕ್ಕೆ 11ರಿಂದ 12 ಮೈಕ್ರಾನ್ ಹಿಗ್ಗುತ್ತದೆ. ಪ್ಲಂಜರ್ 9 ಮಿಲಿಮೀಟರ್ ದಪ್ಪ ಅಂತ ಇಟ್ಟುಕೊಂಡರೆ, ಕೈಯಲ್ಲಿ ಹಿಡಿದು ಬ್ಯಾರೆಲ್‌ಗಿಂತ 10 ಡಿಗ್ರಿ ಬಿಸಿ ಮಾಡಿದರೆ ಸುಮಾರು 1 ಮೈಕ್ರಾನ್ ದಪ್ಪ ಆಗುತ್ತದೆ. ಇರೋ ಸಂದಿನಲ್ಲಿ ಮೂರನೇ ಒಂದು ಭಾಗ, ಅರ್ಧ ಭಾಗ ಬರೀ ಅಂಗೈ ಬಿಸಿಗೇ ಹೋಯಿತು! ಹಾಗಾದರೆ ಕಾರ್ಖಾನೆಯಲ್ಲಿ ಹೇಗೆ ಅಳೆಯುತ್ತಿದ್ದರು?

ಲ್ಯಾಪಿಂಗ್ ಸೆಕ್ಷನ್

ಇದಕ್ಕೆ ನಾನು ಹೇಳುತ್ತೇನೆ. ನಾನೂ ಆಡುಗೋಡಿಯಲ್ಲಿ ಇದ್ದವನು, ಅಪ್ರೆಂಟಿಸ್ ಆಗಿ ಸೇರಿ ಫಿಟ್ಟರ್ ಆದೆ. ಈಗ ವಯಸ್ಸು 74. ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ.

ತಮ್ಮಾ, ನಿನ್ನ ಲೆಕ್ಕ ಸರಿ. ಅಳೆಯೋ ಮುಂಚೆ ತುಂಡುಗಳು ಗೇಜ್ ಇರೋ ರೂಮಿನಲ್ಲಿ ಕೂತು ತಣಿಯಬೇಕು. ಅಳತೆಯ ಲೋಕದಲ್ಲಿ ಎಲ್ಲದಕ್ಕೂ 20 ಡಿಗ್ರಿ ಅಂತ ಒಂದು ಗೊತ್ತುಪಾಡು ಇದೆ. ತುಂಡು, ಗೇಜು, ಮಾಸ್ಟರ್, ಎಲ್ಲಾ ಒಂದೇ ಬಿಸಿಯಲ್ಲಿ ಇರಬೇಕು. ಮೆಷಿನ್‌ನಿಂದ ಬಿಸಿಬಿಸಿ ತೆಗೆದು ಅಳೆದರೆ ಆ ಅಳತೆಗೆ ಬೆಲೆ ಇಲ್ಲ. ಸೇರಿದ ಹೊಸದರಲ್ಲಿ ನನಗೆ ಇದು ಅರ್ಥವೇ ಆಗಿರಲಿಲ್ಲ. ನಾನು ಹಳ್ಳಿಯಿಂದ ಬಂದವನು. ನೂಲಿನಷ್ಟು ಅಂದರೆ ಅದೇ ನನಗೆ ಸಣ್ಣದರಲ್ಲಿ ಸಣ್ಣದು. ಇಲ್ಲಿ ನೂಲು ಅಂದರೆ ದೊಡ್ಡ ಹಳ್ಳ.

ಬ್ಯಾರೆಲ್‌ಗೆ ಒಳಗಡೆ ಹೋನಿಂಗ್, ಪ್ಲಂಜರ್‌ಗೆ ಗ್ರೈಂಡಿಂಗ್, ಕೊನೆಗೆ ಲ್ಯಾಪಿಂಗ್. ಲ್ಯಾಪಿಂಗ್ ಅಂದರೆ ಬಹಳ ನುಣ್ಣನೆ ಪೇಸ್ಟ್ ಹಾಕಿ ಉಜ್ಜುತ್ತಾ ಉಜ್ಜುತ್ತಾ ಕೊನೆಯ ಒಂದೆರಡು ಮೈಕ್ರಾನ್ ತೆಗೆಯೋದು. ಬ್ಯಾರೆಲ್ ಒಳಗಡೆ ಅಳೆಯೋಕೆ ಏರ್ ಗೇಜ್. ಗಾಳಿ ಬಿಟ್ಟು ಅದು ಎಷ್ಟು ಸರಾಗವಾಗಿ ಹೊರಗೆ ಬರುತ್ತದೆ ಅನ್ನೋದರ ಮೇಲೆ ಅಳತೆ ತಿಳಿಯುತ್ತದೆ. ಆಮೇಲೆ ಪ್ಲಂಜರ್‌ಗಳನ್ನು ಮೈಕ್ರಾನ್ ಪ್ರಕಾರ ವಿಂಗಡಿಸಿ, ಈ ಬ್ಯಾರೆಲ್‌ಗೆ ಇದು ಅಂತ ಕೂಡಿಸೋದು. ಮೇಡಂ, ನಿಮ್ಮ ಅಪ್ಪನ ಕೆಲಸ ಇದು ಅಂತ ಕಾಣುತ್ತದೆ.

ಒಂದು ವಿಷಯ ಹೇಳಲೇಬೇಕು. ಸರಿಯಾದ ಜೋಡಿ ಕೂಡಿದಾಗ ಕೈಗೆ ಗೊತ್ತಾಗುತ್ತದೆ. ಬ್ಯಾರೆಲ್ ಓರೆಯಾಗಿ ಹಿಡಿದರೆ ಪ್ಲಂಜರ್ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಧಡಕ್ ಅಂತ ಬೀಳಲ್ಲ, ಎಲ್ಲೂ ತಡೆಯಲ್ಲ. ತಿರುಗಿಸಿ ಇನ್ನೊಂದು ಮಗ್ಗುಲಲ್ಲಿ ಇಟ್ಟರೂ ಅದೇ ಥರ ಇಳಿಯಬೇಕು. ಜೇನುತುಪ್ಪ ಚಮಚದಿಂದ ಇಳಿದ ಹಾಗೆ. ಗೇಜ್ ಸರಿ ಅಂದರೂ ಅದು ಇಳಿಯುವ ರೀತಿ ಸರಿ ಇಲ್ಲದಿದ್ದರೆ ಹಿರಿಯರು ಪಕ್ಕಕ್ಕೆ ಇಡುತ್ತಿದ್ದರು.

ಆಡುಗೋಡಿ ಮನೆ

ಅಂಕಲ್, ನಿಮ್ಮ ಮಾತು ಅಮ್ಮನಿಗೆ ಓದಿ ಹೇಳಿದೆ. "ಅದಕ್ಕೇ ಅವರು ದೋಸೆ ಹಿಟ್ಟು ಚಮಚದಿಂದ ಇಳಿಯೋದನ್ನ ನಿಂತು ನೋಡ್ತಿದ್ದರು" ಅಂದರು. ತುಂಬಾ ಹೊತ್ತು ಸುಮ್ಮನೆ ಕೂತಿದ್ದರು.

ನೇರ ಮಾತು

ಎಲ್ಲಾ ಚೆನ್ನಾಗಿದೆ, ಆದರೆ ಮಗುವಿಗೆ ಕಥೆ ಬರೆಯೋದಾದರೆ ಪೂರ್ತಿ ಬರೆಯಿರಿ. ಹಿಟ್ಲರ್ ಕಾಲದಲ್ಲಿ ಬಾಷ್ ಕಾರ್ಖಾನೆಗಳು ಯುದ್ಧಕ್ಕೆ ಸಾಮಾನು ಮಾಡಿದವು. ಸಾವಿರಾರು ಜನರನ್ನು ಬಲವಂತವಾಗಿ ಹಿಡಿದು ತಂದು ದುಡಿಸಿದರು. ಇತ್ತೀಚೆಗೂ ನೋಡಿ, ಕಾರುಗಳ ಹೊಗೆ ಪರೀಕ್ಷೆಯ ಮೋಸದ ಪ್ರಕರಣದಲ್ಲಿ ಎಂಜಿನ್ ನಿಯಂತ್ರಣ ಪೆಟ್ಟಿಗೆ ಪೂರೈಸಿದ್ದಕ್ಕೆ 2019ರಲ್ಲಿ ಸ್ಟುಟ್‌ಗಾರ್ಟ್‌ನ ಸರ್ಕಾರಿ ವಕೀಲರು ಬಾಷ್‌ಗೆ 90 ಮಿಲಿಯನ್ ಯೂರೋ ದಂಡ ಹಾಕಿದರು. ಒಳ್ಳೆ ಎಲಿಮೆಂಟ್ ಮಾಡಿದ್ದು ನಿಜ. ಇದೂ ನಿಜ.

ಹಳೇ ಪುಟ

ಒಪ್ಪುತ್ತೇನೆ, ಬಿಡಬಾರದ ಮಾತು ಹೇಳಿದಿರಿ. ಆ ಕಾಲದ ಕಥೆಯಲ್ಲಿ ಎರಡು ಎಳೆ ಒಟ್ಟಿಗೇ ಇವೆ. ಒಂದು ಕಡೆ ಬಲವಂತದ ದುಡಿಮೆ. ಇನ್ನೊಂದು ಕಡೆ, ಕಂಪನಿಯನ್ನು ನಡೆಸುತ್ತಿದ್ದ ಹಾನ್ಸ್ ವಾಲ್ಜ್ ಯಹೂದಿಗಳಿಗೆ ಗುಟ್ಟಾಗಿ ನೆರವಾದರು, ಅದಕ್ಕೆ ಇಸ್ರೇಲ್ 1969ರಲ್ಲಿ ಅವರನ್ನು ಗೌರವಿಸಿತು. ಹಿಟ್ಲರ್ ವಿರುದ್ಧದ ಸಂಚಿನಲ್ಲಿದ್ದ ಕಾರ್ಲ್ ಗೋರ್ಡೆಲರ್ ಅವರಿಗೆ ಕಂಪನಿಯಲ್ಲಿ ಸಲಹೆಗಾರನ ಹುದ್ದೆ ಕೊಟ್ಟು ಕಾಪಾಡಿದರು. ಒಂದು ಇನ್ನೊಂದನ್ನು ಅಳಿಸಲ್ಲ. ಎರಡೂ ಬರೆಯಬೇಕು.

ಕೆಲಸಗಾರರ ವಿಷಯವೂ ಹಾಗೆಯೇ. 1906ರಲ್ಲೇ ದಿನಕ್ಕೆ ಎಂಟು ಗಂಟೆ ಕೆಲಸ ಅಂತ ಮಾಡಿದವರು ಬಾಷ್. ಅದೇ ಕಂಪನಿಯಲ್ಲಿ 1913ರಲ್ಲಿ ದೊಡ್ಡ ಮುಷ್ಕರ ಆಯಿತು. 1942ರಲ್ಲಿ ರಾಬರ್ಟ್ ಬಾಷ್ ತೀರಿಕೊಂಡರು. ಅವರ ಇಚ್ಛೆಯಂತೆ 1964ರಲ್ಲಿ ಬಹುಪಾಲು ಒಡೆತನ ಒಂದು ದತ್ತಿ ಸಂಸ್ಥೆಗೆ ಹೋಯಿತು, ಲಾಭಾಂಶದ ಹಣ ಆಸ್ಪತ್ರೆಗೆ, ಶಿಕ್ಷಣಕ್ಕೆ ಹೋಗುತ್ತದೆ. ಮೂಲ ಜರ್ಮನ್ ಕಂಪನಿ ಇವತ್ತಿಗೂ ಷೇರು ಪೇಟೆಯಲ್ಲಿ ಇಲ್ಲ. ನಮ್ಮ ಬಾಷ್ ಲಿಮಿಟೆಡ್ ಇದೆ.

ಮೈಕೋ ಲೇಔಟ್

ನಮ್ಮ ಕಡೆಯ ಕಥೆ ಯಾರೂ ಹೇಳಲಿಲ್ಲ, ನಾನು ಸೇರಿಸುತ್ತೇನೆ. ಬಾಷ್ ಭಾರತಕ್ಕೆ ಬಂದದ್ದು 1922ರಲ್ಲಿ, ಕಲ್ಕತ್ತಾದಲ್ಲಿ ಮಾರಾಟದ ಏಜೆನ್ಸಿ ಮೂಲಕ. ಪಂಪ್ ಮಾಡೋಣ ಅಂತ ಅಲ್ಲಿ ತೀರ್ಮಾನ ಆದ ವರ್ಷವೇ. ಆಗ ಬರೀ ತಂದು ಮಾರೋದು. ಸ್ವಾತಂತ್ರ್ಯ ಬಂದ ಮೇಲೆ ಹೊರಗಿನಿಂದ ತರಿಸೋದಕ್ಕೆ ಕಡಿವಾಣ ಬಿತ್ತು, ಇಲ್ಲೇ ಮಾಡಬೇಕು ಅನ್ನೋ ಒತ್ತಾಯ ಬಂತು. 1951ರಲ್ಲಿ ಮೈಕೋ ಹುಟ್ಟಿದ್ದು ಹಾಗೆ. 1954ರಲ್ಲಿ ಜಮ್‌ಷೆಡ್‌ಪುರದಲ್ಲಿ ಟಾಟಾ ಮರ್ಸಿಡಿಸ್ ಲಾರಿಗಳು ಶುರುವಾದವು. ಲಾರಿ ಜಾಸ್ತಿ ಆದಂತೆ ಪಂಪ್ ಬೇಕು, ಟ್ರಾಕ್ಟರ್‌ಗೆ ಬೇಕು, ಗದ್ದೆಯ ಡೀಸೆಲ್ ಪಂಪ್‌ಸೆಟ್ಟಿಗೆ ಬೇಕು. ಎಚ್‌ಎಎಲ್, ಐಟಿಐ ಆಗಲೇ ಇದ್ದವು. ಎಚ್‌ಎಂಟಿ, ಬಿಇಎಲ್ ಆಮೇಲೆ ಬಂದವು. ಇವೆಲ್ಲಾ ಸೇರಿ ಬೆಂಗಳೂರಿನಲ್ಲಿ ಮೈಕ್ರೋಮೀಟರ್ ಹಿಡಿಯೋದು ಗೊತ್ತಿರುವ ಒಂದು ದೊಡ್ಡ ಜನಾಂಗವೇ ತಯಾರಾಯಿತು.

ಕೆಲಸಗಾರರ ಗೃಹ ನಿರ್ಮಾಣ ಸಂಘದಿಂದ ಬಡಾವಣೆಗಳೂ ಆದವು. ಬಿಟಿಎಂ ಕಡೆ ಮೈಕೋ ಲೇಔಟ್, ಅರಕೆರೆ ಕಡೆ ಇನ್ನೊಂದು ಮೈಕೋ ಲೇಔಟ್. ಪೊಲೀಸ್ ಠಾಣೆಗೂ ಅದೇ ಹೆಸರು. ಕಂಪನಿ ಬೋರ್ಡಿನಿಂದ ಮೈಕೋ ಹೋಗಿ ಎಷ್ಟೋ ವರ್ಷ ಆಯಿತು. ಆಟೋದವರಿಗೆ, ಬಸ್ ಕಂಡಕ್ಟರ್‌ಗೆ ಇನ್ನೂ ಮೈಕೋ ಲೇಔಟ್ಟೇ. ನಮ್ಮ ಮನೆಯ ವಿಳಾಸದಲ್ಲಿ ದಿನಾ ಆ ಹೆಸರು ಬರೆಯೋದು ನನಗೆ ಹೆಮ್ಮೆ.

ಕಾಮನ್ ರೈಲ್

ನಾನು ಹೊಸ ತಲೆಮಾರಿನವನು, ಇಂಜೆಕ್ಟರ್ (ಎಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ಭಾಗ) ಟೆಸ್ಟಿಂಗ್ ಕೆಲಸ ಮಾಡುತ್ತೇನೆ. ಮುಂದಿನ ಅಧ್ಯಾಯ ನಾನು ಹೇಳಲಾ?

ಹಳೇ ಪಂಪ್‌ನಲ್ಲಿ ಒತ್ತಡ ಹುಟ್ಟಿಸೋದೂ, ಎಷ್ಟು ಕೊಡಬೇಕು ಅನ್ನೋದೂ, ಯಾವಾಗ ಕೊಡಬೇಕು ಅನ್ನೋದೂ ಎಲ್ಲಾ ಆ ಒಂದೇ ಎಲಿಮೆಂಟ್ ಕೆಲಸ. 1997ರಲ್ಲಿ ಬಂದ ಕಾಮನ್ ರೈಲ್ ಅದನ್ನು ಬಿಡಿಸಿತು. ಪಂಪ್ ಬರೀ ಒತ್ತಡ ಮಾಡಿ ಒಂದು ದಪ್ಪ ಕೊಳವೆಯಲ್ಲಿ ತುಂಬಿಡುತ್ತದೆ. ಎಷ್ಟು, ಯಾವಾಗ ಅನ್ನೋದನ್ನು ಕಂಪ್ಯೂಟರ್ ಹೇಳುತ್ತದೆ, ಇಂಜೆಕ್ಟರ್ ಬಾಯಿ ತೆರೆದು ಮುಚ್ಚುತ್ತದೆ. ಮೂಲ ಕೆಲಸ ಫಿಯೆಟ್‌ನವರದ್ದು. ಬಾಷ್ ಅದನ್ನು ಕೊಂಡು, ದೊಡ್ಡ ಪ್ರಮಾಣದಲ್ಲಿ ಮಾಡುವ ಹಾಗೆ ತಯಾರು ಮಾಡಿತು. ಮ್ಯಾಗ್ನೆಟೋ ಕಥೆಯೇ ಮತ್ತೆ ನಡೆಯಿತು, ನೋಡಿ. ಮೊದಲ ಪದ್ಧತಿಯಲ್ಲೇ 1350 ಬಾರ್. ಈಗ 2000 ದಾಟಿದೆ.

ನಮ್ಮಲ್ಲಿ ಹೊಗೆಯ ನಿಯಮ ಬಿಗಿಯಾದಂತೆ ಹಳೇ ಪಂಪ್‌ಗೆ ಜಾಗ ಕಡಿಮೆ ಆಯಿತು. 2020ರ ಏಪ್ರಿಲ್ 1ರಿಂದ ಬಿಎಸ್-6. ಓರೆ ಗೀರು ಎಷ್ಟೇ ನುಣುಪಾಗಿದ್ದರೂ ಆ ನಿಯಮ ಮುಟ್ಟೋಕೆ ಆಗಲ್ಲ. ಆಡುಗೋಡಿಯ ತಯಾರಿಕೆ ಬಿಡದಿಗೆ ಹೋಯಿತು. ಅಲ್ಲಿ 2015ರಲ್ಲಿ ಹೊಸ ಕಾರ್ಖಾನೆ ಶುರುವಾಗಿತ್ತು. ಆಡುಗೋಡಿಯಲ್ಲಿ ಈಗ ಎಂಜಿನಿಯರ್‌ಗಳು ಕೂರುವ ಕ್ಯಾಂಪಸ್, 2022ರಲ್ಲಿ ಪ್ರಧಾನಿ ಉದ್ಘಾಟಿಸಿದರು. ಯಂತ್ರದ ಸದ್ದು ಇದ್ದ ಕಡೆ ಈಗ ಸಾಫ್ಟ್‌ವೇರ್. ನನಗೆ ಇದು ಬೆಳವಣಿಗೆ ಅಂತಲೇ ಅನ್ನಿಸುತ್ತದೆ. ಇದೇ ಕಂಪನಿ 1967ರಲ್ಲಿ ಎಲೆಕ್ಟ್ರಾನಿಕ್ ಪೆಟ್ರೋಲ್ ಇಂಜೆಕ್ಷನ್ ತಂತು, 1978ರಲ್ಲಿ ಎಬಿಎಸ್ ತಂತು. ಹಳೆಯದನ್ನು ಬಿಡದೆ ಇದ್ದಿದ್ದರೆ ಅದು ಯಾವುದೂ ಬರುತ್ತಿರಲಿಲ್ಲ.

ಪಂಪ್ ರೂಮ್, ದಾವಣಗೆರೆ

ಬೆಳವಣಿಗೆ ಹೌದು ತಮ್ಮಾ, ನಾನು ಇಲ್ಲ ಅನ್ನಲ್ಲ. ಹೊಗೆ ಕಡಿಮೆ ಆದರೆ ನಮ್ಮ ಮಕ್ಕಳಿಗೇ ಒಳ್ಳೆಯದು. ಆದರೆ ಕಂಪನಿ ದಾಟಿದ ಹೊಳೆಯನ್ನು ಅದರ ಹಿಂದೆ ಇದ್ದ ನಾವೆಲ್ಲಾ ದಾಟಲಿಲ್ಲ. ಅದನ್ನೂ ಕಥೆಯಲ್ಲಿ ಬರೆಯಿರಿ.

ನಮ್ಮ ಪಂಪ್ ರೂಮಿನಲ್ಲಿ ಕ್ಯಾಲಿಬ್ರೇಷನ್ ಬೆಂಚ್ ಇದೆ, ಪಂಪ್ ಓಡಿಸಿ ಅದು ಕೊಡುವ ಡೀಸೆಲ್ ಅಳೆಯೋ ಮೇಜು. ಗಾಜಿನ ಕೊಳವೆಗಳಲ್ಲಿ ಆರೂ ಎಲಿಮೆಂಟ್‌ನ ಡೀಸೆಲ್ ಒಂದೇ ಮಟ್ಟಕ್ಕೆ ನಿಂತಾಗ ಆಗುವ ಖುಷಿ ಬೇರೆ ಯಾವುದರಲ್ಲೂ ಇಲ್ಲ. ಒಂದು ಸಲ ಒಂದು ಬಸ್ ಬಂತು. ಬೆಳಿಗ್ಗೆ ಸ್ಟಾರ್ಟ್ ಆಗುತ್ತೆ, ಬಿಸಿಯಾದ ಮೇಲೆ ನಿಲ್ಲಿಸಿದರೆ ಮತ್ತೆ ಹಿಡಿಯಲ್ಲ. ತಳ್ಳಬೇಕು. ಹೈವೇ ಪಕ್ಕದ ಯಾವುದೋ ಶಾಪಿನಲ್ಲಿ ಪಂಪ್ ಬಿಚ್ಚಿ ತೊಳೆಯುವಾಗ ಆರೂ ಪ್ಲಂಜರ್ ಒಂದೇ ತಟ್ಟೆಗೆ ಹಾಕಿದ್ದಾರೆ. ಯಾವುದು ಯಾವುದರದ್ದು ಅಂತ ಗೊತ್ತಾಗದೆ ಸಿಕ್ಕ ಹಾಗೆ ಜೋಡಿಸಿದ್ದಾರೆ. ಡೀಸೆಲ್ ತಣ್ಣಗಿದ್ದಾಗ ಮಂದ, ಹೇಗೋ ಒತ್ತಡ ಹಿಡಿಯುತ್ತದೆ. ಬಿಸಿಯಾದರೆ ತೆಳ್ಳಗಾಗಿ ಸಂದಿನಲ್ಲೇ ಸೋರಿ ಹೋಗುತ್ತದೆ, ನಾಝಲ್ ಬಾಯಿ ಬಿಡೋದೇ ಇಲ್ಲ. ಮೂರು ಎಲಿಮೆಂಟ್ ಹೊಸದು ಹಾಕಬೇಕಾಯಿತು. ಈ ಥರ ಕಾಯಿಲೆ ಕಂಡುಹಿಡಿಯೋಕೆ ನನಗೆ ಹದಿನೈದು ವರ್ಷ ಹಿಡಿಯಿತು. ಈಗ ನನ್ನ ಹುಡುಗರಿಗೆ ಕಲಿಸೋಣ ಅಂದರೆ ಪಂಪ್ ಬರೋದೇ ಕಡಿಮೆ. ಟ್ರಾಕ್ಟರ್, ಹಳೇ ಜನರೇಟರ್, ಬೋರ್‌ವೆಲ್ ಲಾರಿ, ಅಷ್ಟೇ.

ಲ್ಯಾಪಿಂಗ್ ಸೆಕ್ಷನ್

ಪಂಪ್ ರೂಮ್ ಅವರ ನೋವು ನನಗೆ ಅರ್ಥ ಆಗುತ್ತದೆ. ಇನ್ನೊಂದು ಮಾತು ಹೇಳ್ತೀನಿ. 2000 ಬಾರ್ ಹಿಡಿಯೋ ಕಾಮನ್ ರೈಲ್ ಪಂಪ್ ಒಳಗೂ ಪ್ಲಂಜರ್ ಇದೆ. ಇಂಜೆಕ್ಟರ್ ಒಳಗೆ ಸೂಜಿ ಇದೆ. ಅಲ್ಲೂ ಉಕ್ಕಿಗೆ ಉಕ್ಕು, ಅಲ್ಲೂ ಜೋಡಿ. ಓರೆ ಗೀರು ಹೋಯಿತು, ಸಂದು ಹೋಗಲಿಲ್ಲ, ಇನ್ನೂ ಸಣ್ಣ ಆಯಿತು. ನಾವು ಕೈಯಲ್ಲಿ ನೋಡಿ ಹೇಳುತ್ತಿದ್ದದ್ದನ್ನು ಈಗ ಯಂತ್ರ ನೋಡುತ್ತದೆ. 2015ರಲ್ಲಿ ಜರ್ಮನಿಯ ಮರ್ಕೆಲ್ ಅವರು ನಮ್ಮ ಪ್ರಧಾನಿ ಜೊತೆ ಆಡುಗೋಡಿಯ ತರಬೇತಿ ಕೇಂದ್ರಕ್ಕೆ ಬಂದಿದ್ದರು. ಟಿವಿಯಲ್ಲಿ ಆ ಹುಡುಗರು ನಿಂತಿರೋದು ನೋಡಿದೆ. ನಾವೂ ಹಾಗೇ ಅಪ್ರೆಂಟಿಸ್ ಆಗಿ ಫೈಲ್ ಹಿಡಿದು ನಿಂತವರು. ಮೊದಲ ತಿಂಗಳುಗಳು ಬರೀ ಅರ ಹಿಡಿದು ಉಕ್ಕನ್ನು ಚಪ್ಪಟೆ ಮಾಡೋದು. ಅದು ಬರದೆ ಮೆಷಿನ್ ಮುಟ್ಟೋ ಹಾಗಿರಲಿಲ್ಲ.

ಮೇಡಂ, ನಿಮ್ಮ ಹತ್ತಿರ ಇರುವ ಜೋಡಿ ಇನ್ನೂ ಜೀವ ಇದೆಯಾ ನೋಡಬೇಕಾ? ಪಂಪ್ ರೂಮ್ ಅವರೇ, ಆ ಪರೀಕ್ಷೆ ಹೇಳಿಕೊಡಿ.

ಪಂಪ್ ರೂಮ್, ದಾವಣಗೆರೆ

ಹೇಳ್ತೀನಿ ಅಕ್ಕ. ಸ್ವಚ್ಛವಾದ ಡೀಸೆಲ್ ಒಂದು ಬಟ್ಟಲಲ್ಲಿ ತಗೊಳ್ಳಿ. ಬಟ್ಟೆಯಿಂದ ಒರೆಸಬೇಡಿ, ನೂಲಿನ ಎಳೆ ಅಂಟುತ್ತದೆ. ಎರಡನ್ನೂ ಡೀಸೆಲ್‌ನಲ್ಲೇ ಅದ್ದಿ ತೊಳೆಯಿರಿ. ಹಾಗೇ ಒದ್ದೆ ಇರುವಾಗಲೇ ಪ್ಲಂಜರ್ ಒಳಗೆ ಬಿಡಿ. ಒತ್ತಬೇಡಿ. ಈಗ ಬ್ಯಾರೆಲ್ ಮೇಲಿನ ಬಾಯಿ, ಪಕ್ಕದ ತೂತು ಎರಡನ್ನೂ ಬೆರಳಿಂದ ಬಿಗಿಯಾಗಿ ಮುಚ್ಚಿ. ಇನ್ನೊಂದು ಕೈಯಿಂದ ಪ್ಲಂಜರ್ ನಿಧಾನಕ್ಕೆ ಹೊರಗೆ ಎಳೆಯಿರಿ, ಪೂರ್ತಿ ಅಲ್ಲ. ಬೆರಳಿನ ಚರ್ಮ ಒಳಗೆ ಎಳೆದ ಹಾಗೆ ಆಗಬೇಕು. ಪ್ಲಂಜರ್ ಬಿಟ್ಟರೆ ತಾನಾಗೇ ಒಳಗೆ ವಾಪಸ್ ಹೋಗಬೇಕು. ಹೋದರೆ ಜೋಡಿ ಇನ್ನೂ ಗಟ್ಟಿ ಇದೆ.

ಆಡುಗೋಡಿ ಮನೆ

ಮಾಡಿದೆವು. ನಾನು ಬ್ಯಾರೆಲ್ ಹಿಡಿದು ತೂತು ಮುಚ್ಚಿದೆ. ಮಗ ಪ್ಲಂಜರ್ ಎಳೆದ. ಅಮ್ಮ ಕನ್ನಡಕ ಹಾಕಿಕೊಂಡು ಪಕ್ಕದಲ್ಲೇ ಕೂತಿದ್ದರು. ನನ್ನ ಬೆರಳು ಒಳಗೆ ಎಳೆದ ಹಾಗಾಯಿತು. ಮಗ ಬಿಟ್ಟ. ಟಪ್ ಅಂತ ಒಳಗೆ ಹೋಯಿತು!

ಅವನು ಇನ್ನೂ ಹತ್ತು ಸಲ ಮಾಡಿದ. ಹತ್ತು ಸಲವೂ ಹೋಯಿತು. ನನ್ನ ಹೆಬ್ಬೆರಳ ಮೇಲೆ ಸಣ್ಣ ದುಂಡು ಗುರುತು ಮೂಡಿತ್ತು, ಸ್ವಲ್ಪ ಹೊತ್ತು ಹಾಗೇ ಇತ್ತು. ಅಂಕಲ್, ನೀವು ಹೇಳಿದ ಹಾಗೆ ಓರೆ ಹಿಡಿದೂ ನೋಡಿದೆವು. ಇಳಿಯಿತು, ಜೇನುತುಪ್ಪದ ಹಾಗೇ.

ಲ್ಯಾಪಿಂಗ್ ಸೆಕ್ಷನ್

ಕೇಳಿ ಕಣ್ಣು ತುಂಬಿತು ಮಗಳೇ. ಎರಡರ ಮೇಲೂ ಒಂದೇ ನಂಬರ್ ಹಾಕೋದು ಬೇರೆಯದರ ಜೊತೆ ಬೆರೆಯದೆ ಇರಲಿ ಅಂತ. ಎರಡನ್ನೂ ಯಾವತ್ತೂ ಬೇರೆ ಬೇರೆ ಡಬ್ಬಿಯಲ್ಲಿ ಇಡಬೇಡಿ.

ಪಂಪ್ ರೂಮ್, ದಾವಣಗೆರೆ

ಡೀಸೆಲ್‌ನಲ್ಲಿ ನೆನೆದಿದೆ ಅಂತ ಹಾಗೇ ಬಿಡಬೇಡಿ ಅಕ್ಕ. ನಾಳೆಯೊಳಗೆ ಎಂಜಿನ್ ಆಯಿಲ್ ಹಚ್ಚಿ, ಪ್ಲಂಜರ್ ಬ್ಯಾರೆಲ್ ಒಳಗೇ ಇರಲಿ, ಮತ್ತೆ ಎಣ್ಣೆ ಕಾಗದದಲ್ಲಿ ಸುತ್ತಿಡಿ. ಮಳೆಗಾಲ ಮುಗಿದ ಮೇಲೆ ಒಂದು ಸಲ ತೆಗೆದು ನೋಡಿ.